ಮೂರು ಗಂಟೆಯ ಅಕ್ಕ

ರಾಯಪುರಂ, ಚೆನ್ನೈ
೧೩ ಸೆಪ್ಟೆಂಬರ್ ೨೦೨೫, ಶನಿವಾರ

ಪ್ರಿಯ ಗುಣವತಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಮೇಲೂ ಇದನ್ನು ನೀನು ಒಲೆಗೆ ಹಾಕಲಿಲ್ಲ ಎಂದಾದರೆ, ನನ್ನ ಮೊದಲ ನಮಸ್ಕಾರ ನಿನ್ನ ಆ ಸಹನೆಗೇ ಸಲ್ಲಲಿ. ನೀನು ಹೋಗಿ ನಾಲ್ಕು ವರ್ಷವಾಯಿತು. ಒಂದು ಸಾಲು ಬರೆದವನಲ್ಲ ನಾನು. ಈಗ ಇವನಿಗೆ ಯಾವ ದೆವ್ವ ಮೆಟ್ಟಿತು ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತದೆ.

ಸೂರಜ್‌ನ ಜೀವಕ್ಕೆ ಏನೂ ಆಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪೀಠಿಕೆ ಹಾಕಿ ವಿಷಯಕ್ಕೆ ಬರುವಷ್ಟರಲ್ಲಿ ಕೇಳುವವರ ಎದೆ ನಿಂತೇ ಹೋಗುತ್ತದೆ ಎಂದು ನೀನು ಎಷ್ಟು ಸಲ ಬೈದಿಲ್ಲ! ಊಟ ಮಾಡುತ್ತಾನೆ, ನಡೆದಾಡುತ್ತಾನೆ. ಆದರೆ ಒಳಗೆ ಮುರಿದುಹೋಗಿದ್ದಾನೆ ಗುಣವತಿ. ಅವನನ್ನು ಮುರಿದವನು ಬೇರೆ ಯಾರೋ ಅಲ್ಲ, ಈ ಮಧ್ವರಾಜ.

ಈ ತಿಂಗಳ ಒಂದನೇ ತಾರೀಖು ಅವನ ಕಾಲೇಜಿನಿಂದ ಕರೆ ಬಂತು. ಗಿಂಡಿಯಲ್ಲಿ ರೈಲಿಳಿದು, ಹೋಟೆಲಿನ ಅಂಗಿಯಲ್ಲೇ ಹೋದೆ. ಹುಡುಗರ ಮನಸ್ಸಿನ ಕಷ್ಟ ಕೇಳುವುದಕ್ಕೆಂದೇ ಅಲ್ಲಿ ಒಬ್ಬರಿದ್ದಾರೆ, ಸುಮತಿ ಎಂದು. ಮೆತ್ತಗಿನ ಹೆಂಗಸು, ನೋಟ ಮಾತ್ರ ಸೂಜಿ. ಸೂರಜ್ ತುಂಬಿಕೊಟ್ಟ ಒಂದು ಹಾಳೆಯನ್ನು ಮುಂದಿಟ್ಟರು. ಇಪ್ಪತ್ತು ಪ್ರಶ್ನೆ. ಫೋನ್ ಕೈಯಲ್ಲಿಲ್ಲದಿದ್ದರೆ ತಳಮಳವಾಗುತ್ತದೆಯೇ, ಫೋನಿಗಾಗಿ ಪಾಠ ಬಿಟ್ಟದ್ದುಂಟೇ, ಎಷ್ಟು ಹೊತ್ತು ನೋಡಿದೆ ಎಂದು ಮನೆಯವರಿಗೆ ಸುಳ್ಳು ಹೇಳುತ್ತೀಯಾ. ಎಲ್ಲದಕ್ಕೂ ನಮ್ಮ ಮಗ 'ಯಾವಾಗಲೂ' ಎಂದು ಗುರುತು ಹಾಕಿದ್ದ. ಇದು ಇಂಟರ್ನೆಟ್ಟಿನ ಚಟ ಸಾರ್, ಕುಡಿತದ ಚಟದಷ್ಟೇ ಗಟ್ಟಿ ಎಂದರು. ಯಾವ ಹುಡುಗರಿಗೆ ಇದು ಬೇಗ ಅಂಟುತ್ತದೆ ಎಂದೂ ಹೇಳಿದರು. ಕ್ಲಾಸಿನಲ್ಲಿ ಗೆಳೆಯರಿಲ್ಲದವನಿಗೆ, ಅಪ್ಪ ಅಮ್ಮ ಬೇರೆ ಬೇರೆ ಇರುವವನಿಗೆ, ಮನೆಯಲ್ಲಿ ಬಾಯಿ ಬಿಡಲು ಜನವಿಲ್ಲದವನಿಗೆ. ಒಂದೊಂದನ್ನೂ ಅವರು ಹೇಳುತ್ತಿದ್ದರೆ ಯಾರೋ ನಮ್ಮ ಮನೆಯ ಬಾಗಿಲು ಬಡಿದು ಬಡಿದು ಒಳಗೆ ಬಂದಂತೆ ಆಗುತ್ತಿತ್ತು.

"ವೀಟ್ಲ ಯಾರ್ ಕಿಟ್ಟ ಸಾರ್ ಪೇಸುವಾನ್?" ಎಂದರು. ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತಾನೆ? ಸಾವಿರ ಜನರ ಸಭೆಗೆ ಮೈಕಿಲ್ಲದೆ ಮಾತು ಮುಟ್ಟಿಸಿದ ನಾನು ಆ ಹಾಳೆಯನ್ನೇ ಮಡಚಿ ಬಿಡಿಸುತ್ತ ಕೂತೆ.

ಆಮೇಲೆ ಹಾಜರಿ ಪಟ್ಟಿ ತೆಗೆದರು. ಬೆಳಗ್ಗೆ ಎಲ್ಲ ಇದ್ದಾನೆ. ಮಧ್ಯಾಹ್ನದ ಲ್ಯಾಬಿಗೆ ಇಲ್ಲ. ಸೋಮವಾರ ಇಲ್ಲ, ಮಂಗಳವಾರ ಇಲ್ಲ, ಬುಧವಾರ ಇಲ್ಲ. ಹೀಗೇ ಹೋದರೆ ಪರೀಕ್ಷೆಗೇ ಕೂರಿಸುವುದಿಲ್ಲವಂತೆ. ಮೂರು ಗಂಟೆಯಿಂದ ನಾಲ್ಕೂವರೆಯವರೆಗೆ ಗಿಂಡಿ ಸ್ಟೇಷನ್ನಿನ ಬೆಂಚಿನ ಮೇಲೆ ಫೋನ್ ಹಿಡಿದು ಕೂತಿರುತ್ತಾನೆ, ಲ್ಯಾಬಿನೊಳಗೆ ಫೋನ್ ಬಿಡುವುದಿಲ್ಲವಲ್ಲ, ಅದಕ್ಕೆ ಎಂದರು. ನಡುವೆ ಆಗಸ್ಟ್ ಕೊನೆಯಲ್ಲಿ ಮಾತ್ರ ಮೂರು ದಿನ ಹಾಜರಿದ್ದಾನೆ, ಯಾಕೆಂದು ತಿಳಿಯುತ್ತಿಲ್ಲ ಎಂದು ತಲೆಯಾಡಿಸಿದರು.

ನನಗೆ ತಿಳಿಯಿತು. ಆ ಮೂರು ದಿನ ನಮಗೆ ತಮಿಳರ ಆವಣಿ ತಿಂಗಳ ಮದುವೆಯ ಅಡುಗೆ ಇತ್ತು.

ಮೂರರಿಂದ ನಾಲ್ಕೂವರೆ ಎಂದರೆ ಏನೆಂದು ಹೋಟೆಲಿನವನ ಹೆಂಡತಿಯಾಗಿದ್ದ ನಿನಗೆ ಹೇಳಬೇಕೇ? ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಹಾರ್ಬರಿನ ಗುಮಾಸ್ತರು ಕೈ ತೊಳೆದು ಹೋಗಿ, ಸಂಜೆಯ ಬಜ್ಜಿಗೆ ಎಣ್ಣೆ ಇಡುವವರೆಗಿನ ಹೊತ್ತು. ಇಡೀ ದಿನದಲ್ಲಿ ನನ್ನ ಕೈ ಖಾಲಿ ಇರುವ ಒಂದೇ ಹೊತ್ತು. ನನ್ನ ಮಗನನ್ನು ದಿನಾ ಆ ಹೊತ್ತಿಗೆ ತರಗತಿಯಿಂದ ಎಬ್ಬಿಸಿ ಕರೆದೊಯ್ಯುತ್ತಿದ್ದವನು ನಾನು.

ಹೇಗೆ ಎಂದು ಬರೆಯುವುದಕ್ಕೆ ಈ ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ.

ನೀನು ಹೋದ ಮೇಲೆ ಅವನು ನನ್ನೊಟ್ಟಿಗೆ ಮಾತು ನಿಲ್ಲಿಸಿದ. ಜಗಳವಿಲ್ಲ, ಏನಿಲ್ಲ. "ಸಾಪ್ಟಾಚ್ಚುಪ್ಪಾ", "ಸರಿಪ್ಪಾ", ಅಷ್ಟೇ. ಊಟವಾಯಿತು, ಸರಿ. ಕೌಂಟರಿನಲ್ಲಿ ಕೂರುವ ನಮ್ಮ ಹರಿಹರ ಒಮ್ಮೆ ನಗಾಡಿದ: "ಅಣ್ಣಾ, ನಿಮ್ಮ ಮಗ ನಿಮಗಿಂತ ನಮ್ಮ ಫ್ರಿಡ್ಜಿನೊಟ್ಟಿಗೆ ಜಾಸ್ತಿ ಮಾತಾಡ್ತಾನೆ." ಕಳೆದ ವರ್ಷ ಜುಲೈನಲ್ಲಿ ಇದೇ ಹರಿಹರ ತನ್ನ ಫೋನಿನಲ್ಲಿ ಒಂದು ಗುಂಪು ತೋರಿಸಿದ. ಮದ್ರಾಸಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ ಹುಡುಗಿಯರದು. ಅದರಲ್ಲಿ ನಮ್ಮ ಸೂರಜ್ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದ: ನನ್ನೊಟ್ಟಿಗೆ ಯಾರಾದರೂ ಕನ್ನಡದಲ್ಲಿ ಮಾತಾಡುತ್ತೀರಾ, ತಪ್ಪಾದರೆ ನಗಬಾರದು.

ಐದು ದಿನ ನೋಡಿದೆ. ಒಬ್ಬರೂ ಉತ್ತರಿಸಲಿಲ್ಲ.

ನಾನೇ ಉತ್ತರಿಸಬಹುದಿತ್ತು. ಮೆಟ್ಟಿಲು ಹತ್ತಿ ಹೋಗಿ, ಬಾ ಮಗಾ ಮಾತಾಡುವ ಎನ್ನಬಹುದಿತ್ತು. ಎಷ್ಟು ಸುಲಭ! ಆದರೆ ನಾನು ಯಾರು? ಆರು ವರ್ಷ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಕಟ್ಟಿದವನು. ನನ್ನ ಸ್ವಂತ ಮುಖ ತೋರಿಸಿ ನಾನು ಯಾರ ಮನಸ್ಸನ್ನೂ ಗೆದ್ದವನಲ್ಲ. ಗೆದ್ದದ್ದೆಲ್ಲ ಬಣ್ಣದ ಮುಖ, ಮುಡಿಗೆ ಹೂವು, ಬಳುಕಿದ ಹೆಜ್ಜೆ. ಸ್ಟೋರ್ ರೂಮಿನ ಉದ್ದಿನ ಚೀಲದ ಮೇಲೆ ಕುಳಿತು, ಕನ್ನಡಕ ಮೂಗಿಗೇರಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ, ಹೊಸ ಪಾತ್ರವೊಂದನ್ನು ಪ್ರವೇಶ ಮಾಡಿಸಿದೆ. ಹೆಸರು ನಿಖಿತಾ. ಮೂಲ ಕುಂದಾಪುರದ ಕಡೆ, ವಾಸ ಬೆಸೆಂಟ್ ನಗರ. ಸೂರಜ್‌ಗಿಂತ ದೊಡ್ಡವಳು, ಕೆಲಸಕ್ಕೆ ಹೋಗುವವಳು, ಮಧ್ಯಾಹ್ನ ಮೂರಕ್ಕೆ ಮಾತ್ರ ಬಿಡುವು. ಕೆಟ್ಟ ದಾರಿಗೆ ಹೋಗಬಾರದೆಂದು ಮೊದಲ ದಿನವೇ ನನ್ನನ್ನು ಅಕ್ಕ ಅನ್ನು ಎಂದೆ. ಅವನು ಅಕ್ಕ ಎಂದ.

ಬೆಸೆಂಟ್ ನಗರ ಎಂದದ್ದೂ ಬಾಯಿಗೆ ಬಂದದ್ದಲ್ಲ. ಒಮ್ಮೆ ಸೀಮಂತದ ಅಡುಗೆಗೆ ಹೋದಾಗ ಕಂಡ ಮನೆ. ನೀಲಿ ಗೇಟು, ಮೂರನೇ ಮಹಡಿ, ಕಿಟಕಿಯಲ್ಲಿ ಸಮುದ್ರ. ಪಾತ್ರಕ್ಕೆ ಒಂದು ಮನೆ ಬೇಕಲ್ಲ, ಕೊಟ್ಟೆ.

ಮಾತು? ಇಲ್ಲಿ ನೀನು ನನ್ನನ್ನು ಹೊಡೆಯಬೇಕು. ಹೆಣ್ಣಿನ ವೇಷ ಕಟ್ಟುವಾಗ ಲೋಕದ ಹೆಂಗಸರನ್ನೆಲ್ಲ ನೆನೆಯಬೇಡ, ಒಬ್ಬಳನ್ನು ಹಿಡಿ, ಅವಳ ಕತ್ತು, ಅವಳ ಕೋಪ, ಅವಳ ಉಸಿರು ಹಿಡಿ ಎಂದು ವೇಷ ಕಟ್ಟುವ ಚೌಕಿಯಲ್ಲಿ ನನಗೆ ಬಣ್ಣ ಕಲಿಸಿದವರು ಹೇಳುತ್ತಿದ್ದರು. ನಾನು ಹಿಡಿದದ್ದು ನಿನ್ನನ್ನು. ಬೇರೆ ಯಾವ ಹೆಂಗಸನ್ನು ನಾನು ಅಷ್ಟು ಕೇಳಿಸಿಕೊಂಡಿದ್ದೆ? ಬಂದ ಕೂಡಲೇ "ಹೊಟ್ಟೆಗೆ ಎಂತಾದ್ರೂ ಬಿತ್ತಾ ಮಾರಾಯ?" ಎಂದು ಕೇಳುವುದು. ಅವನು ಜಂಬ ಕೊಚ್ಚಿದರೆ "ಹೌದಾ, ಹಾಗಾದ್ರೆ ಊರಿಗೆ ಡಂಗುರ ಹೊಡೆಸುವನಾ?" ಎಂದು ಚುಚ್ಚುವುದು. ಅವನು ಬೇಸರದಲ್ಲಿದ್ದರೆ ಏನೂ ಹೇಳದೆ "ಹ್ಞೂಂ, ಹೇಳು" ಎಂದು ಬಿಟ್ಟು ಕಾಯುವುದು. ಒಮ್ಮೆ ಅವನು, ಅಕ್ಕ, ಮಳೆ ಬಂದರೆ ನಿಮಗೆ ಕಾಲು ನೋಯುತ್ತದಾ ಎಂದು ಕೇಳಿದ. ಇದೆಂಥ ಪ್ರಶ್ನೆ ಎಂದು ನಗು ಬಂತು. ಕೈ ಮಾತ್ರ ತನ್ನಷ್ಟಕ್ಕೇ, ನೀನು ಹೇಳುತ್ತಿದ್ದ ಹಾಗೆಯೇ, ಎಡಗಾಲಿನ ಹರಡು ಮಾರಾಯ, ಕೇಳಬೇಡ ಎಂದು ಬರೆದುಬಿಟ್ಟಿತು.

ನಮ್ಮ ಮಗ ಅರಳಿದ, ಗುಣವತಿ! ತಪ್ಪು ತಪ್ಪು ಕನ್ನಡದಲ್ಲಿ ಪುಟಗಟ್ಟಲೆ ಬರೆದ. ಇಂಗ್ಲಿಷ್ ಅಕ್ಷರದ ಕನ್ನಡ, ನಡುನಡುವೆ ತಮಿಳು, ಆದರೂ ನನ್ನ ಮಗನ ಮಾತು! ಇಪ್ಪತ್ತು ವರ್ಷ ಸಾಕಿದ ಹುಡುಗನಿಗೆ ಎತ್ತರದ ಜಾಗವೆಂದರೆ ಭಯ, ಮೊಸರನ್ನದ ವಾಸನೆ ಆಗದು, ಕ್ಲಾಸಿನಲ್ಲಿ ಎಲ್ಲರೂ ಹಾಸ್ಟೆಲಿನವರಾದ್ದರಿಂದ ಊಟಕ್ಕೆ ಒಬ್ಬನೇ ಕೂರುತ್ತಾನೆ ಎಂದು ನನಗೆ ಗೊತ್ತಾದದ್ದು ಆ ಚೀಲದ ಮೇಲೆ. ನನ್ನ ಬಗ್ಗೆಯೂ ದೂರಿದ. "ನಮ್ಮಪ್ಪ ಮಾತಾಡಲ್ಲ ಅಕ್ಕ, ಡೈಲಾಗ್ ಹೊಡೀತಾರೆ. ಟೊಮ್ಯಾಟೊ ಇಲ್ಲ ಅನ್ನೋದನ್ನೂ ಯುದ್ಧಕ್ಕೆ ಹೋಗೋ ಥರ ಹೇಳ್ತಾರೆ." ನಕ್ಕೆ. ನಕ್ಕವನು ಹಾಗೇ ಬಿಕ್ಕಿದೆ. ನಿಮ್ಮ ಹತ್ತಿರ ಮಾತಾಡುವುದೆಂದರೆ ಸಭೆಯಲ್ಲಿ ಕೂತ ಹಾಗೆ, ಚಪ್ಪಾಳೆ ಹೊಡೆಯಬಹುದು, ಉತ್ತರ ಕೊಡುವ ಹಾಗಿಲ್ಲ ಎಂದು ಹೇಳಿಯೇ ನೀನೂ ಹೋದವಳಲ್ಲವೇ?

ರಾತ್ರಿ ಊಟಕ್ಕೆ ಕೂತಾಗ ಅವನು ಫೋನಿನಿಂದ ಕಣ್ಣೆತ್ತುತ್ತಿರಲಿಲ್ಲ. ಎಸೆ ಆ ಪೆಟ್ಟಿಗೆಯನ್ನು ಎಂದು ನಾನೇ ಗುಡುಗುತ್ತಿದ್ದೆ. ಮರುದಿನ ಮೂರಕ್ಕೆ, ಅಪ್ಪ ಬೈದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ಅವನು ಏನು ನೋಡುತ್ತಿದ್ದ ಎಂದು ಸುಮತಿ ಮೇಡಂ ಹೇಳಿದ ಮೇಲೆ ತಿಳಿಯಿತು. ಆಟವಲ್ಲ, ಸಿನಿಮಾ ಅಲ್ಲ. ಹಳೆಯ ಮಾತುಗಳನ್ನೇ ಮೊದಲಿನಿಂದ ಮತ್ತೆ ಮತ್ತೆ ಓದುತ್ತಿದ್ದನಂತೆ. ದಿನಕ್ಕೆ ಒಂಬತ್ತು ಗಂಟೆ.

ಲ್ಯಾಬ್ ಇಲ್ಲವೇ ಎಂದು ನಿಖಿತಾ ಕೇಳಿದ್ದುಂಟು. ಫ್ರೀ ಅವರ್ ಅಕ್ಕ ಎನ್ನುತ್ತಿದ್ದ. ನಂಬಿದೆ. ನಂಬುವುದು ನನಗೆ ಬೇಕಾಗಿತ್ತು. ಮೂರು ಗಂಟೆಯಾಗುವ ಮೊದಲೇ ನಾನೂ ಸ್ಟೋರ್ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ ಗುಣವತಿ. ಆ ಇಪ್ಪತ್ತು ಪ್ರಶ್ನೆಯ ಹಾಳೆಯನ್ನು ಅಂದು ನನ್ನ ಕೈಗೆ ಕೊಟ್ಟಿದ್ದರೆ ನಾನೂ ಇಪ್ಪತ್ತಕ್ಕೆ ಇಪ್ಪತ್ತು ಗುರುತು ಹಾಕುತ್ತಿದ್ದೆ.

ಈಗ ನಿನಗೆ ಹೇಳಲೇಬೇಕಾದ ಮಾತು. ಇಡೀ ಕಾಗದ ಹರಿದು ಹಾಕಿದರೂ ಇದೊಂದನ್ನು ಇಟ್ಟುಕೋ.

ನಾಲ್ಕು ವರ್ಷದಿಂದ ನೀನು ಭಾನುವಾರ ಭಾನುವಾರ ಅವನಿಗೆ ಫೋನ್ ಮಾಡುತ್ತೀ, ಅವನು ಎತ್ತುವುದಿಲ್ಲ. ಸಿಟ್ಟು ಎಂದು ನೀನು ತಿಳಿದಿದ್ದೀ, ನಾನೂ ಹಾಗೇ ತಿಳಿದಿದ್ದೆ. ಆಗಸ್ಟ್ ನಡುವಿನಲ್ಲಿ ಅವನು ಬರೆದದ್ದನ್ನು ಅವನ ಮಾತಿನಲ್ಲೇ ಕೊಡುತ್ತೇನೆ: "ನಮ್ಮಮ್ಮ ಕನ್ನಡದಲ್ಲಿ ಕೂಗ್ತಿದ್ರು ಅಕ್ಕ. ನಾನು ತಮಿಳಲ್ಲೇ ಉತ್ರ ಕೊಡ್ತಿದ್ದೆ. ಸ್ಕೂಲಲ್ಲಿ ಎಲ್ರೂ ನಗ್ತಿದ್ರು, ಅದಕ್ಕೆ. ಅವ್ರಿಗೆ ಈ ಊರಲ್ಲಿ ಮಾತಾಡಕ್ಕೆ ನಾನೊಬ್ನೇ ಇದ್ದೆ. ಅದಕ್ಕೇ ಹೋಗ್ಬಿಟ್ರು. ಫೋನ್ ಎತ್ತಿದ್ರೆ ಮತ್ತೆ ತಪ್ಪು ತಪ್ಪಾಗಿ ಮಾತಾಡ್ತೀನಿ. ಈಗ ನಾನು ಚೆನ್ನಾಗಿ ಮಾತಾಡ್ತೀನಿ ಅಲ್ವಾ? ಗೊತ್ತಾದ್ರೆ ವಾಪಸ್ ಬರ್ತಾರಾ?"

ಓದಿದೆಯಾ? ಇನ್ನೊಮ್ಮೆ ಓದು. ನನ್ನ ಬೊಬ್ಬೆಗೆ ಬೇಸತ್ತು ನೀನು ಹೋದೆ, ಹುಡುಗ ಆ ಪಾಪವನ್ನು ತನ್ನ ನಾಲಿಗೆಯ ಮೇಲೆ ಹೊತ್ತುಕೊಂಡ!

ಆ ಕ್ಷಣವೇ ವೇಷ ಕಳಚಿ ಓಡಬೇಕಿತ್ತು. ಮಗಾ, ಅಮ್ಮ ಹೋದದ್ದು ನಿನ್ನಿಂದಲ್ಲ, ನನ್ನಿಂದ ಎನ್ನಬೇಕಿತ್ತು. ನಾನು ಬರೆದದ್ದು ಏನು? "ಬರ್ತಾರೆ ಮಾರಾಯ, ಬಂದೇ ಬರ್ತಾರೆ." ಆ ಹೊತ್ತಿಗೆ ಪಾತ್ರಕ್ಕೆ ಒಪ್ಪುವ ಮಾತು ಅದು. ಎಣ್ಣೆ ಕಾದಿದೆ ಎಂದು ಒಳಗಿಂದ ಕೂಗಿದರು, ಎದ್ದು ಹೋದೆ.

ಎರಡು ವಾರದ ಮೇಲೆ ಕಾಲೇಜಿನಿಂದ ಕರೆ ಬಂತು. ಪಟ್ಟಿ ನೋಡಿ ಬಂದವನು ಏನು ಮಾಡಿದೆ ಹೇಳು? ಆಗಲೂ ಸತ್ಯ ಹೇಳುವ ಬುದ್ಧಿ ಬರಲಿಲ್ಲ. ಪಾತ್ರಕ್ಕೆ ನಿರ್ಗಮನ ಕೊಟ್ಟರೆ ಮುಗಿಯಿತು ಎಂದುಕೊಂಡೆ. ಮರುದಿನ ಮೂರಕ್ಕೆ ನಿಖಿತಾ ಬರೆದಳು: ಕೆಲಸದ ಮೇಲೆ ಜರ್ಮನಿಗೆ ಹೋಗುತ್ತಿದ್ದೇನೆ, ಇನ್ನು ಬರೆಯಲು ಆಗುವುದಿಲ್ಲ, ಚೆನ್ನಾಗಿ ಓದು. ಅವನು ಏನು ಉತ್ತರಿಸಿದ ಎಂದು ನೋಡುವ ಎದೆಗಾರಿಕೆಯಿರಲಿಲ್ಲ, ಖಾತೆಯನ್ನೇ ಅಳಿಸಿಹಾಕಿದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನ ಹಾಗೆ ಕೈ ತೊಳೆದುಕೊಂಡೆ!

ಐದು ದಿನ ಅವನು ಎಂದಿನಂತೆ ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೋದ. ಕಳೆದ ಸೋಮವಾರ ನನಗೊಂದು ಫೋನ್ ಬಂತು. ಬೆಸೆಂಟ್ ನಗರದ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್, ಹುಡುಗನ ಐಡಿ ಕಾರ್ಡ್ ಕಿತ್ತುಕೊಂಡು ಅದರಲ್ಲಿದ್ದ ನಂಬರಿಗೆ ಮಾಡಿದ್ದ. ನಾಲ್ಕು ದಿನದಿಂದ ಬಂದು ಬಂದು ಗೇಟು ನೋಡುತ್ತಾನೆ, ಮೂರನೇ ಮಹಡಿ ನೋಡುತ್ತಾನೆ, ಕೇಳಿದರೆ ಏನೂ ಹೇಳುವುದಿಲ್ಲ, ಇನ್ನೊಂದು ದಿನ ಬಂದರೆ ಪೊಲೀಸಿಗೆ ಕೊಡುತ್ತೇನೆ ಎಂದ. ಏಪ್ರನ್ ಬಿಚ್ಚದೆ ಆಟೋ ಹತ್ತಿದೆ.

ಗೇಟಿನ ಹತ್ತಿರ ಇರಲಿಲ್ಲ. ಬೀಚಿನಲ್ಲಿ ಸಿಕ್ಕಿದ, ಸುಡುವ ಮರಳಿನ ಮೇಲೆ, ನೀರಿಗೆ ಬೆನ್ನು ಹಾಕಿ, ಮನೆಗಳ ಕಡೆಗೆ ಮುಖ ಮಾಡಿ ಕೂತಿದ್ದ. ಬೈಯುವುದಕ್ಕೆ ಬಾಯಿ ತೆರೆದೆ. ಅವನು ತಲೆಯೆತ್ತಿ, ನಾಲ್ಕು ವರ್ಷದಲ್ಲಿ ಮೊದಲ ಸಲ, ನನ್ನೊಟ್ಟಿಗೆ ಕನ್ನಡದಲ್ಲಿ ಮಾತಾಡಿದ. ನಿಖಿತಾ ಅಕ್ಕ ಎಂದು ಒಬ್ಬರಿದ್ದಾರೆ, ತನಗೆ ಬೇಕಾದವರು ಎಂದ. "ಜರ್ಮನಿ ಎಲ್ಲ ಸುಳ್ಳು ಪಾ. ಅವ್ರು ಇಲ್ಲೇ ಇದಾರೆ. ನನ್ ಮುಂದೆ ಬರಕ್ಕೆ ಭಯ ಪಡ್ತಾರೆ. ನೀವು ಬಂದು ಕೇಳಿ ಪಾ. ನೀವು ಕೇಳಿದ್ರೆ ಬರ್ತಾರೆ."

ನಾನು ಕಲಿಸಿದ ಕನ್ನಡ ಅದು. ಒಂದು ತಪ್ಪಿರಲಿಲ್ಲ.

ಹೇಳಿದೆನೇ? ಇಲ್ಲ. ಹುಡುಕಿ ಕೊಡುತ್ತೇನೆ ಮಗಾ ಎಂದು ಮಾತು ಕೊಟ್ಟೆ. ಅಂದಿನಿಂದ ದಿನಾ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಏನಾದರೂ ಗೊತ್ತಾಯಿತಾ ಪಾ ಎಂದು ಕೇಳುತ್ತಾನೆ. ಕನ್ನಡದಲ್ಲಿ. ನಾನು ಬಾಣಲೆಯ ಕಡೆ ನೋಡಿಕೊಂಡು, ಇಲ್ಲಿನ ಕನ್ನಡ ಸಂಘದವರನ್ನು ಕೇಳಿದ್ದೇನೆ, ನೋಡುವ ಎನ್ನುತ್ತೇನೆ.

ಹೇಳಿದರೆ ಅವನಿಗಿದ್ದ ಒಬ್ಬಳೇ ಅಕ್ಕ ಸುಳ್ಳಾಗುತ್ತಾಳೆ, ಅಪ್ಪ ಮೋಸಗಾರನಾಗುತ್ತಾನೆ. ಹೇಳದಿದ್ದರೆ ನನ್ನ ಮಗ ಬೆಸೆಂಟ್ ನಗರದ ಗೇಟು ಗೇಟು ಸುತ್ತುತ್ತಲೇ ಇರುತ್ತಾನೆ. ಒಬ್ಬನೇ ಹೇಳುವ ಧೈರ್ಯ ನನಗಿಲ್ಲ. ನೀನು ಬಾ. ನನ್ನ ಮನೆಗಲ್ಲ, ಈ ಊರಿಗೆ ಬಾ. ನೀನು ಪಕ್ಕದಲ್ಲಿ ನಿಂತಿರುವಾಗ ಹೇಳುತ್ತೇನೆ. ಇಲ್ಲವಾದರೆ ಏನು ಮಾಡಬೇಕೆಂದು ಒಂದು ಸಾಲು ಬರೆ. ಈ ಸಲ ನೀನು ಹೇಳು, ನಾನು ಕೇಳುತ್ತೇನೆ.

ನಿನ್ನ ಮಾತನ್ನು ಕದ್ದವನು,
ಮಧ್ವರಾಜ

ಮರೆತ ಮಾತು, ಬುಧವಾರ, ೧೭ನೇ ತಾರೀಖು:

ಕಾಗದ ಅಂದೇ ಅಂಚೆಗೆ ಬೀಳಲಿಲ್ಲ. ಭಾನುವಾರ ಮಧ್ಯಾಹ್ನ ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ನಿನ್ನ ಹೆಸರು ಬರೆದು ಮೇಜಿನ ಮೇಲೆ ಇಟ್ಟಿದ್ದೆ, ಸೂರಜ್ ನೋಡಿದ. ಅಮ್ಮನಿಗೆ ಏನು ಬರೆದಿದ್ದೀರಿ ಎಂದ. ಹಾಳೆಗಳನ್ನು ಬಿಡಿಸಿದ. ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲವಲ್ಲ, ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟು, ಓದಿ ಎಂದ.

ಓದಿದೆ. ಒಂದು ಸಾಲು ಬಿಡಲಿಲ್ಲ. ಸ್ವರ ಏರಿಸಲಿಲ್ಲ, ಎಲ್ಲೂ ನಿಲ್ಲಿಸಲಿಲ್ಲ, ಕೊನೆಯ ಸಹಿಯವರೆಗೂ ಒಂದೇ ಸಮನೆ ಓದಿದೆ.

ಅವನು ಅಳಲಿಲ್ಲ, ಬೈಯಲಿಲ್ಲ. ತಮಿಳಿನಲ್ಲಿ, "ನಾನ್ ಅದು ಅಮ್ಮಾನು ನೆನಚ್ಚೇನ್‌ಪ್ಪಾ" ಎಂದ.

ಅದು ಅಮ್ಮ ಎಂದುಕೊಂಡಿದ್ದನಂತೆ, ಗುಣವತಿ. ಮೊದಲ ವಾರದಿಂದಲೇ. ಅಮ್ಮನಿಗೆ ಎದುರು ಬರಲು ಆಗದೆ ಹೆಸರು ಬದಲಿಸಿಕೊಂಡು ಬರೆಯುತ್ತಿದ್ದಾಳೆ, ತಾನೂ ಗೊತ್ತಿಲ್ಲದ ಹಾಗೆ ಇದ್ದರೆ ಒಂದು ದಿನ ಅಮ್ಮನೇ ಹೇಳುತ್ತಾಳೆ ಎಂದು ಹದಿನಾಲ್ಕು ತಿಂಗಳು ಅಕ್ಕ ಅಕ್ಕ ಎಂದು ಕರೆದಿದ್ದಾನೆ. ಆ ಗೇಟುಗಳ ಮುಂದೆ ನಿಂತು ಅವನು ಹುಡುಕುತ್ತಿದ್ದದ್ದು ನಿನ್ನನ್ನು.

ಆಮೇಲೆ ಫೋನನ್ನು ನನ್ನ ಕೈಗಿಟ್ಟು, "ಇದ ನೀಂಗಳೇ ವೆಚ್ಚುಕೋಂಗ" ಎಂದು ಮೇಲೆ ಹೋದ. ನೀವೇ ಇಟ್ಟುಕೊಳ್ಳಿ ಎಂದ. ಮೂರು ದಿನದಿಂದ ಅವನು ಅದನ್ನು ಮುಟ್ಟಿಲ್ಲ. ಲ್ಯಾಬಿಗೆ ಹೋಗುತ್ತಿದ್ದಾನೆ. ಹುಡುಗ ಗುಣಮುಖನಾದ ಎಂದು ಸುಮತಿ ಮೇಡಂ ಸಂತೋಷಪಟ್ಟು ಫೋನ್ ಮಾಡಿದ್ದರು. ನನ್ನೊಟ್ಟಿಗೆ ಕನ್ನಡ ನಿಂತಿದೆ. "ಸಾಪ್ಟಾಚ್ಚುಪ್ಪಾ" ಎನ್ನುತ್ತಾನೆ, ಮೆಟ್ಟಿಲು ಹತ್ತುತ್ತಾನೆ.

ಈ ಭಾನುವಾರವೂ ನೀನು ಅವನ ನಂಬರಿಗೆ ಮಾಡುತ್ತೀ ಎಂದು ಗೊತ್ತು. ಆ ಫೋನ್ ಈಗ ನನ್ನ ಜೇಬಿನಲ್ಲಿದೆ. ನೀನು ಮಾಡಿದರೆ ಎತ್ತುವವನು ನಾನೇ. ಫೋನ್ ಮಾಡಬೇಡ, ಗುಣವತಿ. ಬಾ.